ಅಂಚೆ ಡಬ್ಬದ ಮೇಲೆ ಹೆಸರು ಅಂಟಿಸಿದಿರಾ? ಜರ್ಮನಿಗೆ ಹೊರಟ ಕಾಸರಗೋಡು ಗಡಿನಾಡಿನವರ ಪ್ರಶ್ನೋತ್ತರ

ಪ್ರಶ್ನೆ (ಪೆರ್ಲದಿಂದ): ಅಕ್ಕಾ, ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಜರ್ಮನ್ ಭಾಷೆಯ ಬಿ1 ಪರೀಕ್ಷೆ ಪಾಸಾಗಿದೆ, ವೀಸಾನೂ ಬಂತು. ಮುಂದಿನ ತಿಂಗಳು ಹೊರಡುವುದು. ಅಲ್ಲಿನ ಆಸ್ಪತ್ರೆಯಲ್ಲಿ ಹೊರದೇಶದ ನರ್ಸ್‌ಗಳನ್ನು ನೋಡಿಕೊಳ್ಳುವ ಕೆಲಸ ನಿಮ್ಮದು ಎಂದು ಗ್ರೂಪಿನಲ್ಲಿ ಹೇಳಿದರು. ಇಳಿದ ಮೇಲೆ ಮೊದಲ ತಿಂಗಳು ಏನೇನು ಮಾಡಬೇಕು? ಯಾವುದು ಮೊದಲು, ಯಾವುದು ಆಮೇಲೆ? ತಲೆ ಬಿಸಿಯಾಗಿದೆ.

ಉತ್ತರ: ತಂಗಿ, ತುಂಬಾ ಸಂತೋಷ. ಡ್ಯೂಟಿ ಮಾಡಿಕೊಂಡೇ ಬಿ1 ಪಾಸಾಗುವುದು ಸುಲಭ ಅಲ್ಲ.

ನಾನು ಬದಿಯಡ್ಕ ಕಡೆಯವಳು. ಹತ್ತು ವರ್ಷ ಇಲ್ಲಿ ವಾರ್ಡಿನಲ್ಲಿ ದುಡಿದೆ. ಈಗ ನಾಲ್ಕು ವರ್ಷದಿಂದ ಹೊಸಬರನ್ನು ಏರ್‌ಪೋರ್ಟಿನಿಂದ ಕರೆತಂದು ಆಫೀಸು ಆಫೀಸು ಸುತ್ತಿಸುವ ಕೆಲಸ. ಬಂದವರಿಗೆಲ್ಲ ಮೊದಲು ಹೇಳುವುದು ಒಂದೇ ಮಾತು. ಬ್ಯಾಗ್ ಬಿಚ್ಚುವ ಮೊದಲು ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರು ಅಂಟಿಸಿ. ಕಾಲಿಂಗ್ ಬೆಲ್ಲಿನ ಮೇಲೂ.

ನಮ್ಮೂರಲ್ಲಿ ಪೋಸ್ಟ್‌ಮ್ಯಾನ್‌ಗೆ ಮನೆಹೆಸರು ಗೊತ್ತಿದ್ದರೆ ಸಾಕು, ತೋಟದ ಆಚೆಯ ಮನೆಗೂ ಕಾಗದ ಬರುತ್ತದೆ. ಮನೆಯಲ್ಲಿ ಜನ ಇಲ್ಲದಿದ್ದರೆ ಪಕ್ಕದ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಇಲ್ಲಿ ಒಂದೇ ಕಟ್ಟಡದಲ್ಲಿ ಹತ್ತಿಪ್ಪತ್ತು ಮನೆ. ಕಟ್ಟಡಕ್ಕೆ ನಂಬರ್ ಇರುತ್ತದೆ, ಒಳಗಿನ ಮನೆಗಳಿಗೆ ಹೆಚ್ಚಾಗಿ ಇರುವುದಿಲ್ಲ. ಡಬ್ಬದ ಮೇಲೆ ಬರೆದ ಹೆಸರೇ ವಿಳಾಸ. ಹೆಸರು ಕಾಣದಿದ್ದರೆ ಕಾಗದ ವಾಪಸ್. ಮುಖ್ಯವಾದದ್ದೆಲ್ಲ ಬರುವುದು ಅಂಚೆಯಲ್ಲೇ ಅಲ್ವಾ? ತೆರಿಗೆ ನಂಬರ್, ಇನ್ಶೂರೆನ್ಸ್ ಕಾರ್ಡ್, ಒಂದು ಲಕೋಟೆಯಲ್ಲಿ ಬ್ಯಾಂಕ್ ಕಾರ್ಡ್, ಇನ್ನೊಂದರಲ್ಲಿ ಅದರ ಪಿನ್.

ನನಗೇ ಆಗಿದೆ. ಹಾಸ್ಟೆಲ್ ರೂಮಿನ ಡಬ್ಬದಲ್ಲಿ ಹಿಂದೆ ಇದ್ದವರ ಹೆಸರು ಇತ್ತು. ಅದನ್ನು ಕಿತ್ತು ನನ್ನದು ಹಾಕಬೇಕೆಂದು ಯಾರೂ ಹೇಳಲಿಲ್ಲ. ತೆರಿಗೆ ನಂಬರಿನ ಕಾಗದ ಬಂದ ದಾರಿಯಲ್ಲೇ ಹಿಂದೆ ಹೋಯಿತು. ಆ ನಂಬರ್ ಕೊಡದಿದ್ದರೆ ಅತಿ ಜಾಸ್ತಿ ತೆರಿಗೆ ಹಿಡಿಯುವ ಆರನೇ ದರ್ಜೆಗೆ ಹಾಕುತ್ತಾರೆ, ನನಗೂ ಹಾಗೇ ಆಯಿತು. ಮೊದಲ ಸಂಬಳದ ಚೀಟಿ ಹಿಡಿದುಕೊಂಡು ರಾತ್ರಿ ಅತ್ತಿದ್ದೇನೆ. ಹಣ ಮುಂದೆ ವಾಪಸ್ ಬಂತು ನಿಜ. ಆದರೆ ಆ ತಿಂಗಳು ಊರಿನ ಸಾಲದ ಕಂತು ತಪ್ಪಿತು. ಅಪ್ಪ ಸೊಸೈಟಿಗೆ ಹೋಗಿ ಸಮಯ ಕೇಳಬೇಕಾಯಿತು.

ಹೆಸರು ಅಂಟಿಸಿದ ಮೇಲೆ ಆನ್‌ಮೆಲ್ಡುಂಗ್. ಅಂದರೆ ನಗರ ಕಚೇರಿಗೆ ಹೋಗಿ "ನಾನು ಈ ವಿಳಾಸದಲ್ಲಿ ಇದ್ದೇನೆ" ಎಂದು ಬರೆಸುವುದು. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕೆಂಬ ಕಾನೂನಿದೆ. ಪಾಸ್‌ಪೋರ್ಟ್ ಬೇಕು, ಮನೆ ಕೊಟ್ಟವರು ಸಹಿ ಹಾಕಿದ ಒಂದು ಫಾರ್ಮ್ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಆ ಫಾರ್ಮೇ ಆಗಬೇಕು. ದೊಡ್ಡ ಊರುಗಳಲ್ಲಿ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಎಷ್ಟೋ ಸಲ ಎರಡು ವಾರದೊಳಗೆ ಸಿಗುವುದಿಲ್ಲ. ಊರಲ್ಲಿ ಇರುವಾಗಲೇ ಆನ್‌ಲೈನ್ ಬುಕ್ ಮಾಡಿ, ಆ ಮೇಲ್ ತೆಗೆದಿಡಿ.

ಅಲ್ಲಿ ಧರ್ಮ ಯಾವುದು ಎಂದೂ ಕೇಳುತ್ತಾರೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಎಂದು ಬರೆದರೆ ಚರ್ಚ್ ತೆರಿಗೆ ಶುರುವಾಗುತ್ತದೆ. ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಆದಾಯ ತೆರಿಗೆಯ 8%, ಉಳಿದ ಕಡೆ 9%. ಅದು ಕೊಡಲೇಬಾರದ ಹಣ ಎಂದು ನಾನು ಹೇಳುತ್ತಿಲ್ಲ, ಹಲವರು ಮನಸಾರೆ ಕೊಡುತ್ತಾರೆ. ಗೊತ್ತಿದ್ದು ಬರೆಯಿರಿ ಅಷ್ಟೇ.

ಆ ಬರೆಸಿದ ಕಾಗದ ಕೈಗೆ ಬಂದರೆ ಉಳಿದದ್ದು ತಾನಾಗಿ ಸಾಗುತ್ತದೆ. ಬ್ಯಾಂಕ್ ಖಾತೆ, ಕ್ರಾಂಕೆನ್‌ಕಾಸೆ, ಅಂದರೆ ಆರೋಗ್ಯ ವಿಮೆ, ಎಲ್ಲದಕ್ಕೂ ಅದೇ ಬುಡ. 11 ಅಂಕಿಯ ತೆರಿಗೆ ನಂಬರ್ ಕೆಲವು ವಾರದಲ್ಲಿ ಅಂಚೆಯಲ್ಲಿ ಬರುತ್ತದೆ. ಇನ್ನೊಂದು, ನಿಮ್ಮ ವೀಸಾಕ್ಕೆ ಕೊನೆಯ ದಿನ ಇದೆ. ವಿದೇಶಿಯರ ಕಚೇರಿಗೆ ಮುಂದಿನ ಪರ್ಮಿಟ್‌ನ ಅರ್ಜಿ ಆ ದಿನಕ್ಕೆ ಮೊದಲೇ ತಲುಪಬೇಕು. ನಿಧಾನ ಅವರದ್ದಾದರೆ ತೊಂದರೆ ಇಲ್ಲ, ನಮ್ಮದಾಗಬಾರದು.

ಪ್ರಶ್ನೆ (ಕುಂಬಳೆಯಿಂದ): ಅಕ್ಕ, ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಮನೆಹೆಸರೂ ಸೇರಿದೆ. ಇದು ಸಮಸ್ಯೆ ಆಗುತ್ತದಾ?

ಉತ್ತರ: ಆಗುತ್ತದೆ. ಗಡಿನಾಡಿನ ನಮಗೆ ಬೇರೆಯವರಿಗಿಂತ ಜಾಸ್ತಿ. ನಾವು ಕನ್ನಡದಲ್ಲಿ ಹೇಳಿದ್ದನ್ನು ಪಂಚಾಯತಿಯಲ್ಲಿ ಮಲಯಾಳದಲ್ಲಿ ಬರೆದುಕೊಂಡಿರುತ್ತಾರೆ. ಅದನ್ನು ಇನ್ನೊಬ್ಬರು ಇಂಗ್ಲಿಷಿಗೆ ತಂದಿರುತ್ತಾರೆ. ಊರ ಹೆಸರೇ ನೋಡಿ. ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ನಿಮ್ಮದೇ ಊರು ಒಂದರಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬ್ಳ. ನಮಗೆ ಎರಡೂ ಒಂದೇ. ಜರ್ಮನ್ ಗುಮಾಸ್ತರಿಗೆ ಅವು ಎರಡು ಊರು, ಹೆಸರಿನ ವಿಷಯದಲ್ಲಾದರೆ ಇಬ್ಬರು ಮನುಷ್ಯರು.

ಹೋದ ವರ್ಷ ಒಬ್ಬಳು ಹುಡುಗಿ ನನ್ನ ಮೇಜಿನ ಮೇಲೆ ಕಾಗದ ಸಾಲಾಗಿ ಇಟ್ಟಳು. ಐದು ಕಾಗದ, ಹೆಸರು ನಾಲ್ಕು ತರ. ಒಂದರಲ್ಲಿ ಅವಳ ಹೆಸರಿನ ಕೊನೆಯ 'ಆ' ಬಿಟ್ಟುಹೋಗಿ, ಓದಿದರೆ ಗಂಡಸಿನ ಹೆಸರಿನ ಹಾಗೆ ಕಾಣುತ್ತಿತ್ತು. ನರ್ಸಿಂಗ್ ಅರ್ಹತೆಯ ಮಾನ್ಯತೆಗೆ ಹಾಕಿದ ಫೈಲು ಅದೊಂದರಿಂದ ತಿಂಗಳುಗಟ್ಟಲೆ ನಿಂತಿತು. ಮಾನ್ಯತೆ ಸಿಗುವ ತನಕ ಸಹಾಯಕಿಯ ಸಂಬಳ. ಅದರ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಊರಲ್ಲಿ ಇರುವಾಗಲೇ ಸರಿಮಾಡಿಸಿ. ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ವಿಲೇಜ್ ಆಫೀಸಿನ 'ಒನ್ ಆಂಡ್ ಸೇಮ್' ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಈ ಎಲ್ಲ ಹೆಸರಿನವರೂ ಒಬ್ಬರೇ ಎಂದು ಬರೆದುಕೊಡುವ ಕಾಗದ ಅದು. ನಿಮ್ಮ ಹೆಸರು ಎಷ್ಟು ತರದಲ್ಲಿ ಇದೆಯೋ ಅಷ್ಟನ್ನೂ ಅದರಲ್ಲಿ ಸೇರಿಸಿ, ಒಂದೂ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾಕ್ಕೆ ಹಾಕುವ ಮೊದಲೇ ರೀ-ಇಶ್ಯೂ ಮಾಡಿಸಿ. ಇಲ್ಲಿನ ಕಂಪ್ಯೂಟರಿನಲ್ಲಿ ಹೆಸರಿಗೊಂದು ಖಾನೆ, ಮನೆತನದ ಹೆಸರಿಗೊಂದು ಖಾನೆ. ಎರಡೂ ತುಂಬಬೇಕು.

ವೀಸಾದ ವಿಷಯಕ್ಕೆ ಒಂದು ಮಾತು. ಕಾಸರಗೋಡಿನವರಿಗೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ. ಕರ್ನಾಟಕ, ಕೇರಳ ಎರಡನ್ನೂ ಅವರೇ ನೋಡಿಕೊಳ್ಳುತ್ತಾರೆ. 1956ರಲ್ಲಿ ನಾವು ಬೇರೆ ರಾಜ್ಯಕ್ಕೆ ಹೋದೆವು, ಈ ಒಂದು ಬಾಗಿಲಲ್ಲಿ ಮಾತ್ರ ಮತ್ತೆ ಜೊತೆಗೆ ನಿಲ್ಲುತ್ತೇವೆ. ಅಪ್ಪನಿಗೆ ಇದನ್ನು ಹೇಳಿದಾಗ ತುಂಬಾ ಖುಷಿಪಟ್ಟರು.

ಪ್ರಶ್ನೆ (ಮಂಜೇಶ್ವರದಿಂದ): ನನಗೆ ಒಬ್ಬ ಏಜೆಂಟರು ಆರು ಲಕ್ಷ ಕೇಳುತ್ತಿದ್ದಾರೆ. ಭಾಷೆ, ವೀಸಾ, ಕೆಲಸ ಎಲ್ಲ ಸೇರಿಸಿ ಅಂತೆ. ಕೊಡಬಹುದಾ ಮೇಡಂ?

ಉತ್ತರ: ಕೊಡಬೇಡಿ. ದಯವಿಟ್ಟು ಅಮ್ಮನ ಚಿನ್ನ ಅಡವಿಡಬೇಡಿ.

ಕೇಂದ್ರ ಸರ್ಕಾರದಲ್ಲಿ ರಿಜಿಸ್ಟರ್ ಆದ ಏಜೆಂಟರು ಕೂಡ ತಮ್ಮ ಸೇವೆಗೆ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಇಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅವರ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ಎಂದು ನೀವೇ ನೋಡಿ. ಭಾಷೆಯ ಕ್ಲಾಸಿನ ಫೀಸು ಬೇರೆ, ಅದಕ್ಕೆ ಬೇರೆಯೇ ರಶೀದಿ ಕೇಳಿ.

ಕೇರಳದವರಾದ ನಮಗೆ ಇನ್ನೊಂದು ದಾರಿಯೂ ಇದೆ. ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನ ಟ್ರಿಪಲ್ ವಿನ್, ಅಂದರೆ ನರ್ಸ್‌ಗಳನ್ನು ಜರ್ಮನಿಗೆ ಕಳಿಸುವ ಯೋಜನೆ. 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಶುರು ಮಾಡಿದ್ದು. ನರ್ಸ್‌ಗಳಿಂದ ಹಣ ತೆಗೆದುಕೊಳ್ಳುವುದಿಲ್ಲ, ಭಾಷೆಯನ್ನೂ ಅವರೇ ಕಲಿಸುತ್ತಾರೆ. ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು, ಇಂಟರ್‌ವ್ಯೂ ಇರುತ್ತದೆ, ಸಮಯ ಹಿಡಿಯುತ್ತದೆ. ಆ ಸಮಯ ಆರು ಲಕ್ಷದ ಸಾಲಕ್ಕಿಂತ ಒಳ್ಳೆಯದು.

ಯಾವ ದಾರಿಯಲ್ಲಿ ಬಂದರೂ ಕರಾರಿನಲ್ಲಿ ಎರಡು ಕಡೆ ಬೆರಳಿಟ್ಟು ಓದಿ. ಮಾನ್ಯತೆಗೆ ಮೊದಲು ಸಂಬಳ ಎಷ್ಟು, ಆಮೇಲೆ ಎಷ್ಟು? ಮಧ್ಯದಲ್ಲಿ ಕೆಲಸ ಬಿಟ್ಟರೆ ಹಣ ವಾಪಸ್ ಕೊಡಬೇಕಾ, ಎಷ್ಟು?

ಪ್ರಶ್ನೆ (ಎಣ್ಮಕಜೆಯಿಂದ): ನಾನು ನರ್ಸ್ ಅಲ್ಲ, ಕೃಷಿಕ. ಮಗಳು ಮುಂದಿನ ವಾರ ಹೊರಡುತ್ತಾಳೆ. ಅವಳಮ್ಮ ತುಪ್ಪ, ಹಪ್ಪಳ, ಉಪ್ಪಿನಕಾಯಿ, ಕರಿಬೇವಿನಸೊಪ್ಪು ಎಲ್ಲ ಕಟ್ಟುತ್ತಿದ್ದಾಳೆ. ಏನು ಕಳಿಸಬಹುದು?

ಉತ್ತರ: ಅಣ್ಣ, ಅತ್ತಿಗೆಗೆ ಹೇಳಿ, ತುಪ್ಪ ಬೇಡ. ಮನೆ ಹಸುವಿನದ್ದು ಎಂದು ಗೊತ್ತು, ಬೇಜಾರಾಗುತ್ತದೆ. ಆದರೆ ಹಾಲಿನಿಂದ ಮಾಡಿದ್ದು, ಮಾಂಸ, ಇವನ್ನು ಹೊರಗಿನಿಂದ ಯುರೋಪಿಗೆ ಬ್ಯಾಗಿನಲ್ಲಿ ತರುವ ಹಾಗಿಲ್ಲ. ಪೇಡನೂ ಬೇಡ. ಸಿಕ್ಕಿದರೆ ಕಸ್ಟಮ್ಸ್‌ನವರು ಎಸೆಯುತ್ತಾರೆ. ಹಸಿ ಕರಿಬೇವಿನಸೊಪ್ಪು, ಮಾವಿನಹಣ್ಣು, ಹಲಸಿನ ಸೊಳೆ ಕೂಡ ಬೇಡ, ಅದಕ್ಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟು ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್‌ನಂಥ ಕೆಲವಕ್ಕೆ ಮಾತ್ರ ಆ ಸರ್ಟಿಫಿಕೇಟು ಬೇಡ.

ಹಲಸಿನ ಹಪ್ಪಳ ಎಷ್ಟು ಬೇಕಾದರೂ ಕಟ್ಟಿ. ಇಲ್ಲಿ ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಡ್ಯೂಟಿ ಮುಗಿಸಿ ಬಂದು ಎರಡು ಹಪ್ಪಳ ಕಾಯಿಸಿದರೆ ರೂಮಿಡೀ ಊರಿನ ವಾಸನೆ. ಉಪ್ಪಿನಕಾಯಿ, ಸಾಂಬಾರು ಪುಡಿ ಸರಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿಯ ಜೊತೆ. ಕುಕ್ಕರ್ ಕಳಿಸುವುದಾದರೆ ಇಂಡಕ್ಷನ್‌ಗೆ ಆಗುವ, ತಳ ಚಪ್ಪಟೆ ಇರುವ ಕುಕ್ಕರ್. ಗುಂಡು ತಳದ ಬಾಣಲೆ ಇಲ್ಲಿನ ಒಲೆಯ ಮೇಲೆ ನಿಲ್ಲುವುದಿಲ್ಲ. ಮಿಕ್ಸಿ ಓಡುತ್ತದೆ, ಕರೆಂಟ್ ಇಲ್ಲೂ 230 ವೋಲ್ಟ್. ಪ್ಲಗ್‌ಗೆ ಅಡಾಪ್ಟರ್ ಇರಲಿ. ಭಾನುವಾರ ಮತ್ತು ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡ ಎಂದು ಮಗಳಿಗೆ ಹೇಳಿ, ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ.

ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಅವಳು ಶನಿವಾರ ರಾತ್ರಿ ಬಂದು ಇಳಿಯುವುದಾದರೆ ಒಂದು ದಿನಕ್ಕಾಗುವ ಅವಲಕ್ಕಿ ಬ್ಯಾಗಿನಲ್ಲಿ ಇರಲೇಬೇಕು.

ಪ್ರಶ್ನೆ (ಉಪ್ಪಳದಿಂದ, ಈಗ ಜರ್ಮನಿಯಲ್ಲಿ): ಅಕ್ಕ, ನಾನು ಬಂದು ಎಂಟು ತಿಂಗಳು. ಗಂಡ, ಮಗು ಬರುವವರಿದ್ದಾರೆ. ಹಾಸ್ಟೆಲ್ ಬಿಟ್ಟು ಮನೆ ಹುಡುಕುತ್ತಿದ್ದೇನೆ. ಒಬ್ಬರು ಕೀ ಅಂಚೆಯಲ್ಲಿ ಕಳಿಸುತ್ತೇನೆ, ಮೊದಲು ಡೆಪಾಸಿಟ್ ಹಾಕಿ ಎನ್ನುತ್ತಾರೆ.

ಉತ್ತರ: ಅದು ಮೋಸ. ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಯುರೋ ಕೂಡ ಹಾಕಬೇಡಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಬರೀ ಮನೆಗೆ. ವಾರ್ಮ್‌ಮೀಟೆ ನೀರು, ಹೀಟಿಂಗ್, ಕಸ ಎಲ್ಲ ಸೇರಿ. ನಿಮ್ಮ ಲೆಕ್ಕಕ್ಕೆ ಎರಡನೆಯದು ಹಿಡಿಯಿರಿ, ಕರೆಂಟ್ ಬಿಲ್ ಅದರ ಮೇಲೂ ಬರುತ್ತದೆ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಅಡುಗೆಮನೆ ಇದೆಯಾ ಎಂದು ಬಾಯಿಬಿಟ್ಟು ಕೇಳಿ. ಸುಮಾರು ಮನೆಗಳಲ್ಲಿ ಅಡುಗೆಕೋಣೆ ಅಂದರೆ ನಾಲ್ಕು ಗೋಡೆ, ಗೋಡೆಯಿಂದ ಹೊರಬಂದ ಒಂದು ಪೈಪು ಅಷ್ಟೇ. ಸಿಂಕು, ಒಲೆ ಎಲ್ಲ ನಾವೇ ಕೊಳ್ಳಬೇಕು. ಕೀ ತೆಗೆದುಕೊಳ್ಳುವ ದಿನ ಗೋಡೆಯ ಪ್ರತಿ ಗೀರಿನ ಫೋಟೋ ಹೊಡೆದು, ಕಾಗದದಲ್ಲಿ ಬರೆಸಿ ಸಹಿ ಮಾಡಿಸಿ.

ನಮ್ಮ ಅಡುಗೆಯ ಹಬೆಯ ಬಗ್ಗೆ ನಾನು ಎಲ್ಲರಿಗೂ ಹೇಳುತ್ತೇನೆ. ಕುಚ್ಚಲಕ್ಕಿ ಮುಕ್ಕಾಲು ಗಂಟೆ ಕುದಿಯುತ್ತದೆ. ಚಳಿ ಎಂದು ಕಿಟಕಿ ಮುಚ್ಚಿದರೆ ಆ ನೀರೆಲ್ಲ ಗೋಡೆಗೆ ಕೂತು, ಕಪಾಟಿನ ಹಿಂದೆ ಕಪ್ಪು ಬೂಸ್ಟು ಹಿಡಿಯುತ್ತದೆ. ನಮ್ಮ ಹಂಚಿನ ಮನೆಯಲ್ಲಿ ಗಾಳಿ ತಾನಾಗಿ ಓಡಾಡುತ್ತಿತ್ತು, ಇಲ್ಲಿ ನಾವೇ ಓಡಾಡಿಸಬೇಕು. ಬೆಳಿಗ್ಗೆ, ಸಂಜೆ ಐದರಿಂದ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಅನ್ನ ಬಸಿದ ಮೇಲೆ ಇನ್ನೊಮ್ಮೆ. ಇಲ್ಲದಿದ್ದರೆ ಮನೆ ಬಿಡುವಾಗ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಗಂಡ, ಮಗು ಬಂದ ಕೂಡಲೇ ಅವರಿಗೂ ಆನ್‌ಮೆಲ್ಡುಂಗ್. ನಿಮ್ಮದು ಸರ್ಕಾರಿ ವಿಮೆ ಅಲ್ವಾ? ಗಂಡನಿಗೆ ಸಂಪಾದನೆ ಇಲ್ಲದಿರುವವರೆಗೆ ಇಬ್ಬರೂ ನಿಮ್ಮ ವಿಮೆಯಲ್ಲೇ ಸೇರುತ್ತಾರೆ, ಹೆಚ್ಚಿಗೆ ಹಣ ಇಲ್ಲ. ತೆರಿಗೆಯ ದರ್ಜೆ ಬದಲಾಯಿಸಬಹುದಾ ಎಂದು ಆಗಲೇ ವಿಚಾರಿಸಿ. ಮಗುವಿನ ಕಿಂಡರ್‌ಗೆಲ್ಡ್‌ಗೆ, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆಗೆ, ಅರ್ಜಿ ಹಾಕಿ. 2025ರಲ್ಲಿ ಅದು ತಿಂಗಳಿಗೆ 255 ಯುರೋ. ಶಿಶುವಿಹಾರಕ್ಕೆ ಮಾತ್ರ ಈಗಲೇ, ಇವತ್ತೇ ಹೆಸರು ಕೊಡಿ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗುವುದು ಕಾನೂನಿನ ಹಕ್ಕು, ಆದರೆ ಸಾಲು ಉದ್ದ ಇದೆ. ಮದುವೆ ಸರ್ಟಿಫಿಕೇಟು, ಮಗುವಿನ ಜನನ ಸರ್ಟಿಫಿಕೇಟು ಇವುಗಳಲ್ಲಿ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಒಮ್ಮೆ ನೋಡಿ. ಕುಂಬಳೆಯ ತಂಗಿಗೆ ಹೇಳಿದ್ದೇ ನಿಮಗೂ.

ಪ್ರಶ್ನೆ (ಮುಳ್ಳೇರಿಯದಿಂದ, ಈಗ ಜರ್ಮನಿಯಲ್ಲಿ): ಟಿವಿ ಇಲ್ಲ, ರೇಡಿಯೋ ಇಲ್ಲ. ಆದರೂ ಹಣ ಕಟ್ಟಿ ಎಂದು ಕಾಗದ ಬಂದಿದೆ. ಫ್ರಾಡಾ?

ಉತ್ತರ: ಅಲ್ಲ, ಅದು ರುಂಡ್‌ಫುಂಕ್‌ನದ್ದು, ಅಂದರೆ ಸಾರ್ವಜನಿಕ ರೇಡಿಯೋ-ಟಿವಿಯ ಶುಲ್ಕ. ಮನೆಯೊಂದಕ್ಕೆ ತಿಂಗಳಿಗೆ 18.36 ಯುರೋ, ಟಿವಿ ಇದ್ದರೂ ಇಲ್ಲದಿದ್ದರೂ. ಮನೆ ಹಂಚಿಕೊಂಡಿದ್ದರೆ ಒಬ್ಬರು ಕಟ್ಟಿದರೆ ಸಾಕು, ಅವರ ನಂಬರ್ ಬರೆದು ಉತ್ತರ ಹಾಕಿ. ಕಾಗದವನ್ನು ಸುಮ್ನೆ ಬದಿಗಿಟ್ಟರೆ ದಂಡ ಸೇರುತ್ತದೆ.

ಪ್ರಶ್ನೆ (ಪೆರ್ಲದಿಂದ): ಅಕ್ಕಾ, ಕೊನೆಯದಾಗಿ ಒಂದು. ಡಬ್ಬದ ಮೇಲೆ ಹೆಸರು ಹೇಗೆ ಬರೆಯಬೇಕು? ಪೂರ್ತಿ ಬರೆದರೆ ಉದ್ದ ಆಗುತ್ತದೆ. ಇನಿಷಿಯಲ್ ಹಾಕಲಾ?

ಉತ್ತರ: ಇನಿಷಿಯಲ್ ಬೇಡ ತಂಗಿ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ, ಅದೇ ಸ್ಪೆಲ್ಲಿಂಗಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆನ್‌ಮೆಲ್ಡುಂಗ್‌ಗೂ ಅದೇ, ಬ್ಯಾಂಕಿಗೂ ಅದೇ. ರೂಮಿನಲ್ಲಿ ಇನ್ನೊಬ್ಬರಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದು. ಚಂದದ ಸ್ಟಿಕ್ಕರ್ ಆಮೇಲೆ ಮಾಡಿಸಬಹುದು. ಮೊದಲ ದಿನಕ್ಕೆ ಕಾಗದದ ತುಂಡು, ಅದರ ಮೇಲೆ ಸೆಲ್ಲೋಟೇಪ್ ಸಾಕು. ಮಳೆ ಬಿದ್ದರೂ ಅಳಿಸದ ಪೆನ್ನು ಇರಲಿ. ಇವು ಮೂರನ್ನೂ ಹ್ಯಾಂಡ್‌ಬ್ಯಾಗಿನಲ್ಲಿ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗು ಬಂದು ಸೇರುವುದು ಕೆಲವೊಮ್ಮೆ ಮರುದಿನ.