ಬೇರೆಯವರ ಸ್ಕ್ರಿಪ್ಟ್ ಓಡಿಸಬೇಕು, ಆದರೆ ನನ್ನ ಫೈಲುಗಳು ಅದಕ್ಕೆ ಸಿಗಬಾರದು. ಹೇಗೆ?

ಡೊಂಬಿವಲಿ ಲೆಕ್ಕದವ:

ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. ಡೊಂಬಿವಲಿಯಲ್ಲಿ ಕೂತು ಹೋಟೆಲಿನವರ ಲೆಕ್ಕ ಬರೆಯುವವನು. ಠಾಣೆಯಿಂದ ಕಲ್ಯಾಣದವರೆಗೆ ಇರುವ ನಮ್ಮ ಉಡುಪಿ ಕಡೆಯವರೇ ನನ್ನ ಗಿರಾಕಿಗಳು. ಅವರ ಜಿಎಸ್‌ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾನ್ ಕಾರ್ಡಿನ ಪ್ರತಿ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿವೆ. ವಿಂಡೋಸ್ 11 ಹೋಮ್. ಗಿರಾಕಿಗಳ ಕಾಗದಪತ್ರವೆಲ್ಲ ಡಿ ಡ್ರೈವಿನಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಸಂಘದ ಕಪಾಟಿನಲ್ಲಿ ಹಳೆಯ ವಿಶೇಷಾಂಕಗಳಿವೆ. ಹುಡುಗರು ಸ್ಕ್ಯಾನ್ ಮಾಡಿಟ್ಟಿದ್ದಾರೆ. ಚಿತ್ರದಲ್ಲಿರುವ ಬರಹ ಓದುವ ಟೆಸರಾಕ್ಟ್ ಪ್ರೋಗ್ರಾಂನಿಂದ ಅಕ್ಷರ ತೆಗೆದು, ಲೇಖನಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಅದಕ್ಕೆ ಒಬ್ಬೊಬ್ಬರು ಒಂದೊಂದು ಪೈಥಾನ್ ಸ್ಕ್ರಿಪ್ಟ್ ಕಳಿಸುತ್ತಾರೆ. ಒಂದು ವಾಟ್ಸಾಪಿನಲ್ಲಿ ಬಂತು. ಇನ್ನೊಂದನ್ನು ಯಾರೋ ಎಐ ಹತ್ತಿರ ಬರೆಸಿದ್ದಾರಂತೆ. ಕಳಿಸಿದವರ ಮೇಲೆ ಅನುಮಾನ ಇಲ್ಲ ಮಾರಾಯ್ರೆ, ಎಲ್ಲ ಭಜನೆಗೆ ಬರುವವರೇ. ಆದರೆ ಒಂದರಲ್ಲಿ ‘ಮೊದಲು ಔಟ್‌ಪುಟ್ ಫೋಲ್ಡರ್ ಅಳಿಸು’ ಎನ್ನುವ ಸಾಲು ಕಣ್ಣಿಗೆ ಬಿತ್ತು. ಆ ಫೋಲ್ಡರಿನ ಹೆಸರು ಎಲ್ಲಿಂದ ಬರುತ್ತದೆ ಅಂತ ಮಾತ್ರ ತಿಳಿಯಲಿಲ್ಲ.

ನನಗೆ ಬೇಕಾದ್ದು ಇಷ್ಟೇ. ಸ್ಕ್ಯಾನ್ ಚಿತ್ರಗಳು ಸ್ಕ್ರಿಪ್ಟಿಗೆ ಕಾಣಲಿ. ಬರೆಯಲು ಒಂದು ಫೋಲ್ಡರ್ ಇರಲಿ. ಉಳಿದದ್ದು ಇದೆ ಅಂತಲೇ ಅದಕ್ಕೆ ಗೊತ್ತಾಗಬಾರದು. ಆಂಟಿವೈರಸ್ ಸಾಕು ಎನ್ನುವವರು ಯಾಕೆ ಸಾಕು ಅಂತಲೂ ಬರೆಯಿರಿ. ಇನ್ನೊಂದು ಲ್ಯಾಪ್‌ಟಾಪ್ ತಗೊಳ್ಳಿ ಎನ್ನುವವರು ದುಡ್ಡೂ ಕಳಿಸಿ.

ವಾಶಿ ಟೆಕ್ಕಿ:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಉಬುಂಟು ಎನ್ನುವ ಲಿನಕ್ಸ್ ಒಳಗೆ ಓಡಿಸಿ. ಲಿನಕ್ಸ್ ಬೇರೆ, ವಿಂಡೋಸ್ ಬೇರೆ. ಬೇಕಿದ್ದರೆ ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್‌ನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಕೂಡ ಆನ್ ಮಾಡಿ. ಮುಗೀತು.

ಪುಣೆ ವಾಕಡ್, ಊರು ಧಾರವಾಡ:

ವಾಶಿಯವರೇ, ಮುಗಿಯಲಿಲ್ಲ. ಉಬುಂಟು ಒಳಗೆ ಹೋಗಿ ‘ಎಂಎನ್‌ಟಿ’ ಫೋಲ್ಡರ್ ತೆಗೆದು ನೋಡಿ. ಸಿ, ಡಿ ಎರಡೂ ಅಲ್ಲೇ ಇರುತ್ತವೆ, ಬರೆಯಬಹುದು, ಅಳಿಸಬಹುದು. ಒಳಗಿನಿಂದ ವಿಂಡೋಸಿನ ಪ್ರೋಗ್ರಾಂಗಳನ್ನೂ ಓಡಿಸಬಹುದು. ಡ್ರೈವುಗಳನ್ನು ತಾನಾಗಿ ಒಳಗೆ ತರುವ ಆಟೋಮೌಂಟ್, ವಿಂಡೋಸ್ ಪ್ರೋಗ್ರಾಂ ಓಡಿಸಲು ಬಿಡುವ ಇಂಟರಾಪ್, ಎರಡನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಲು ಬರುತ್ತದೆ. ಆದರೆ ಒಳಗೆ ರೂಟ್, ಅಂದರೆ ಪೂರ್ತಿ ಅಧಿಕಾರ, ಸಿಕ್ಕವನು ಡ್ರೈವನ್ನು ಮತ್ತೆ ಮೌಂಟ್ ಮಾಡಿಕೊಳ್ಳಬಹುದು. ಡಬ್ಲ್ಯೂಎಸ್‌ಎಲ್ ಮಾಡಿದ್ದೇ ವಿಂಡೋಸ್ ಮತ್ತು ಲಿನಕ್ಸ್ ಒಟ್ಟಿಗೆ ಕೆಲಸ ಮಾಡಲಿ ಅಂತ, ದೂರ ಇಡಲು ಅಲ್ಲ.

ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಒಳ್ಳೆಯದೇ. ಆದರೆ ಅದು ಬರೆಯುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಪಾನ್ ಕಾರ್ಡ್ ಓದಿಕೊಂಡು ಹೋದರೆ ಅದು ಕೇಳುವುದೇ ಇಲ್ಲ. ಡಿ ಡ್ರೈವಿನ ಫೋಲ್ಡರುಗಳನ್ನು ನೀವೇ ಪಟ್ಟಿಗೆ ಸೇರಿಸಬೇಕು. ಪೈಥಾನ್‌ಗೆ ಒಮ್ಮೆ ಅನುಮತಿ ಕೊಟ್ಟಿರೋ, ಮುಂದೆ ಬರುವ ಎಲ್ಲ ಪೈಥಾನ್ ಸ್ಕ್ರಿಪ್ಟಿಗೂ ಕೊಟ್ಟಂತೆಯೇ. ಅದು ನೋಡುವುದು ಪೈಥಾನನ್ನು, ಒಳಗಿನ ಸ್ಕ್ರಿಪ್ಟನ್ನಲ್ಲ.

ಲೆಕ್ಕದ ಸರ್, ನಿಮ್ಮ ಆ ಅಳಿಸುವ ಸಾಲಿನ ಬಗ್ಗೆ. ಸ್ಕ್ರಿಪ್ಟ್ ಓಡುವುದು ನಿಮ್ಮ ಹೆಸರಿನಲ್ಲಿ. ನೀವು ಏನನ್ನು ಅಳಿಸಬಲ್ಲಿರೋ ಅದನ್ನೆಲ್ಲ ಅದೂ ಅಳಿಸಬಲ್ಲದು. ಬರೆದವನು ಕೆಟ್ಟವನಾಗಿರಬೇಕು ಅಂತೇನಿಲ್ಲ. 2015ರಲ್ಲಿ ಲಿನಕ್ಸಿನಲ್ಲಿ ಓಡುವ ಸ್ಟೀಮ್ ಎನ್ನುವ ಆಟಗಳ ಪ್ರೋಗ್ರಾಂನಲ್ಲಿ ಒಂದು ದೋಷ ಹೊರಬಿತ್ತು. ಅದರ ಶೆಲ್ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಹೆಸರು ಖಾಲಿ ಉಳಿದರೆ, ‘ಆ ಫೋಲ್ಡರಿನ ಒಳಗಿನದ್ದೆಲ್ಲ ಅಳಿಸು’ ಎನ್ನುವುದು ‘ಡಿಸ್ಕಿನ ಬುಡದಿಂದ ಎಲ್ಲ ಅಳಿಸು’ ಎಂದಾಗುತ್ತಿತ್ತು. ಅದನ್ನು ವರದಿ ಮಾಡಿದವರು ಸಿಕ್ಕಿಸಿಟ್ಟಿದ್ದ ಹೊರಗಿನ ಡ್ರೈವಿನ ಫೈಲುಗಳನ್ನೂ ಕಳೆದುಕೊಂಡರು. ಬ್ಯಾಕಪ್ ಡ್ರೈವ್ ಸಿಕ್ಕಿಸಿಕೊಂಡು ಸ್ಕ್ರಿಪ್ಟ್ ಓಡಿಸಬೇಡಿ, ಇದೊಂದು ನೆನಪಿರಲಿ.

ಸ್ಕ್ರಿಪ್ಟ್ ಓದಿ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸಲು ಹೋಗಬೇಡಿ. ಪೈಥಾನಿನ ಒಳಗೇ ‘ಅಪಾಯದ’ ಫಂಕ್ಷನ್‌ಗಳನ್ನು ಕಿತ್ತುಹಾಕುವ ಉಪಾಯಗಳೂ ನಿಲ್ಲುವುದಿಲ್ಲ. ಅದಕ್ಕೆಂದೇ ಇದ್ದ ‘ಆರ್‌ಎಕ್ಸೆಕ್’ ಮಾಡ್ಯೂಲ್ ಪೈಥಾನ್ 3ರಲ್ಲಿ ಇಲ್ಲವೇ ಇಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ ಲೋಕದ ‘ವಿಎಂ2’ ಸ್ಯಾಂಡ್‌ಬಾಕ್ಸಿನಲ್ಲಿ (ಕೋಡನ್ನು ಕೂಡಿಹಾಕಿ ಓಡಿಸುವ ಪೆಟ್ಟಿಗೆ) ತೂತಿನ ಮೇಲೆ ತೂತು ಬಿದ್ದು, 2023ರಲ್ಲಿ ಮಾಡಿದವರೇ ಬಳಸಬೇಡಿ ಎಂದರು. ತಡೆ ಹೊರಗಿನಿಂದ, ಆಪರೇಟಿಂಗ್ ಸಿಸ್ಟಂ ಕಡೆಯಿಂದ ಬರಬೇಕು.

ನಿಮಗೆ ನನ್ನ ಸಲಹೆ ಡಾಕರ್. ಪ್ರೋಗ್ರಾಂ ಅನ್ನು ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ ಅದು, ನೀವು ಕೊಟ್ಟ ಫೋಲ್ಡರ್ ಮಾತ್ರ ಒಳಗೆ ಕಾಣುತ್ತದೆ. ಹೋಮ್ ಆವೃತ್ತಿಯಲ್ಲೂ ಡಾಕರ್ ಡೆಸ್ಕ್‌ಟಾಪ್ ನಡೆಯುತ್ತದೆ. ಮೊದಲು ಪೈಥಾನ್, ಟೆಸರಾಕ್ಟ್, ಅದರ ಕನ್ನಡ ಡೇಟಾ ಇರುವ ಇಮೇಜ್, ಅಂದರೆ ಆ ಡಬ್ಬಿಯ ಅಚ್ಚು, ಕಟ್ಟಿಕೊಳ್ಳಿ. ಸ್ಕ್ರಿಪ್ಟ್ ಕೇಳುವ ಪ್ಯಾಕೇಜುಗಳನ್ನೂ ಆಗಲೇ ಹಾಕಿ. ಪ್ಯಾಕೇಜ್ ಹಾಕುವ ‘ಪಿಪ್ ಇನ್‌ಸ್ಟಾಲ್’ ಮಾಡುವಾಗಲೂ ಪ್ಯಾಕೇಜಿನೊಳಗಿನ ಕೋಡ್ ಓಡಬಹುದು. ಹಾಗಾಗಿ ಅದನ್ನೂ ವಿಂಡೋಸಿನಲ್ಲಿ ನೇರವಾಗಿ ಮಾಡಬೇಡಿ. ಇಮೇಜ್ ಕಟ್ಟಲು ಒಂದು ಹೊಸ ಖಾಲಿ ಫೋಲ್ಡರ್ ಇಟ್ಟುಕೊಳ್ಳಿ, ಡಿ ಡ್ರೈವಿನ ಮೇಲೆ ನಿಂತು ಕಟ್ಟಬೇಡಿ. ಆಮೇಲೆ ಓಡಿಸುವಾಗ ನೆಟ್‌ವರ್ಕ್ ‘ನನ್’, ಅಂದರೆ ಇಂಟರ್‌ನೆಟ್ ಇಲ್ಲ. ಸ್ಕ್ಯಾನ್ ಫೋಲ್ಡರ್ ಓದಲು ಮಾತ್ರ. ಔಟ್‌ಪುಟ್‌ಗೆ ಒಂದು ಖಾಲಿ ಫೋಲ್ಡರ್. ಮೆಮೊರಿಗೂ ಒಂದು ಮಿತಿ. ಡಿ ಡ್ರೈವನ್ನು ಇಡಿಯಾಗಿ ಎಂದೂ ಕೊಡಬೇಡಿ, ಕೊಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ.

ಮಡಗಾಂವ್ ಕಾರವಾರ್ಕರ್:

ಡಾಕರ್ ಸರಿ, ಆದರೆ ರ‍್ಯಾಮ್ ಕಡಿಮೆ ಇದ್ದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಹೇಳೋಣ ಅಂದರೆ ಅದು ಹೋಮ್‌ನಲ್ಲಿ ಇಲ್ಲ, ಪ್ರೊ ಬೇಕು. ಇನ್ನೊಂದು ದಾರಿ ಇದೆ: ಸ್ಕ್ರಿಪ್ಟಿಗೆಂದೇ ಬೇರೆ ಯೂಸರ್ ಅಕೌಂಟ್, ಅಡ್ಮಿನ್ ಅಲ್ಲದ್ದು. ಅಲ್ಲಿಂದ ನಿಮ್ಮ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಸಿಗುವುದಿಲ್ಲ.

ಇದನ್ನು ಮಾಡಿ ಬಹಳ ಜನ ನಿಶ್ಚಿಂತೆಯಾಗಿರುತ್ತಾರೆ. ನಿಮ್ಮ ಗಿರಾಕಿಗಳು ಇರುವುದು ಡಿ ಡ್ರೈವಿನಲ್ಲಿ ಅಲ್ವಾ? ಅಲ್ಲಿ ಸಾಮಾನ್ಯವಾಗಿ ‘ಅಥೆಂಟಿಕೇಟೆಡ್ ಯೂಸರ್ಸ್’ ಎಲ್ಲರಿಗೂ ‘ಮಾಡಿಫೈ’ (ಓದುವ, ತಿದ್ದುವ, ಅಳಿಸುವ) ಅಧಿಕಾರ ಇರುತ್ತದೆ. ಅಂದರೆ ಹೊಸ ಅಕೌಂಟಿಗೂ. ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ನೋಡಿ. ಗಿರಾಕಿಗಳ ಫೋಲ್ಡರಿನಲ್ಲಿ ಮೊದಲು ನಿಮ್ಮ ಅಕೌಂಟಿಗೆ ಪೂರ್ತಿ ಅಧಿಕಾರ ಕೊಟ್ಟುಕೊಳ್ಳಿ. ಆಮೇಲೆ ಇನ್‌ಹೆರಿಟೆನ್ಸ್ (ಮೇಲಿನ ಫೋಲ್ಡರಿನ ಅನುಮತಿ ಕೆಳಗೂ ಇಳಿಯುವುದು) ನಿಲ್ಲಿಸಿ, ಇರುವ ಅನುಮತಿಗಳನ್ನು ಉಳಿಸಿಕೊಳ್ಳುವ ಆಯ್ಕೆ ಒತ್ತಿ, ಕೊನೆಗೆ ‘ಅಥೆಂಟಿಕೇಟೆಡ್ ಯೂಸರ್ಸ್’ ಮತ್ತು ‘ಯೂಸರ್ಸ್’ ಎರಡನ್ನೂ ತೆಗೆಯಿರಿ. ಉಲ್ಟಾ ಮಾಡಿದರೆ ನೀವೇ ಹೊರಗೆ ನಿಲ್ಲುತ್ತೀರಿ. ಎಕ್ಸ್‌ಫ್ಯಾಟ್ ಎನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗಂತೂ ಇಂಥ ಅನುಮತಿಗಳೇ ಇಲ್ಲ, ಸಿಕ್ಕಿಸಿದರೆ ಎಲ್ಲರದ್ದೂ.

ಈ ದಾರಿಯಲ್ಲಿ ಇಂಟರ್‌ನೆಟ್ ತೆರೆದೇ ಇರುತ್ತದೆ. ವೈಫೈ ಆಫ್ ಮಾಡಿ ಓಡಿಸಿ.

ಡೊಂಬಿವಲಿ ಲೆಕ್ಕದವ:

ಮಡಗಾಂವಿನವರೇ, ನೋಡಿದೆ. ಡಿ ಡ್ರೈವಿನಲ್ಲಿ ಅಕ್ಷರಶಃ ನೀವು ಹೇಳಿದ್ದೇ ಇದೆ, ಮಾಡಿಫೈ. ಆಫೀಸಿನ ಹುಡುಗನಿಗೆ ಬೇರೆ ಅಕೌಂಟ್ ಮಾಡಿಕೊಟ್ಟಿದ್ದಕ್ಕೆ ಇಷ್ಟು ದಿನ ಏನು ಅರ್ಥ ಇತ್ತೋ! ಈಗ ಮುಚ್ಚಿದ್ದೇನೆ.

ಧಾರವಾಡದ ಸರ್, ಡಾಕರ್ ನನ್ನ ಭಾವನ ಮಗ ಭಾನುವಾರ ಬಂದು ಹಾಕಿಕೊಡುತ್ತಾನೆ. ನನಗೆ ಅರ್ಥ ಆದದ್ದು: ಹೋಟೆಲಿನ ಪಾರ್ಸೆಲ್ ಕಿಟಕಿಯ ಹಾಗೆ, ಸಾಮಾನು ದಾಟುತ್ತದೆ, ಗಿರಾಕಿ ಅಡುಗೆಮನೆಗೆ ಬರುವುದಿಲ್ಲ. ಸರಿಯಾ? ಹಾಗಾದರೆ ಆ ಕಿಟಕಿಯಿಂದ ಹೊರಗೆ ಬರುವ ಫೈಲನ್ನು ನಾನು ತೆರೆಯುವುದು ನನ್ನ ಅಕೌಂಟಿನಲ್ಲೇ. ಅದರಲ್ಲಿ ಏನಾದರೂ ಇದ್ದರೆ?

ಪುಣೆ ವಾಕಡ್, ಊರು ಧಾರವಾಡ:

ಸರಿಯಾದ ಪ್ರಶ್ನೆ ರೀ. ಔಟ್‌ಪುಟ್‌ನಲ್ಲಿ ಮ್ಯಾಕ್ರೋ ಇರುವ ಎಕ್ಸೆಲ್ ಬಂದರೆ ತೆರೆಯಲೇಬೇಡಿ. ಸಿಎಸ್‌ವಿ ಆದರೂ ಡಬಲ್ ಕ್ಲಿಕ್ ಬೇಡ. ಸಮ ಚಿಹ್ನೆಯಿಂದ ಶುರುವಾದ ಕೋಶವನ್ನು ಎಕ್ಸೆಲ್ ಫಾರ್ಮುಲಾ ಎಂದುಕೊಳ್ಳುತ್ತದೆ. ಡೇಟಾ ಮೆನುವಿನಿಂದ ಆಮದು ಮಾಡಿ, ಕಾಲಂಗಳನ್ನೆಲ್ಲ ಟೆಕ್ಸ್ಟ್ ಎಂದು ಇಡಿ, ಯುಟಿಎಫ್ 8 ಆರಿಸಿ. ಇಲ್ಲದಿದ್ದರೆ ಕನ್ನಡ ಹೇಗೂ ಗೋಜಲಾಗಿ ಕಾಣುತ್ತದೆ.

ಡೊಂಬಿವಲಿ ಲೆಕ್ಕದವ:

ಬರಿಯ ಟೆಕ್ಸ್ಟ್ ಫೈಲ್ ಬರೆಯುವ ಸ್ಕ್ರಿಪ್ಟ್ ಮಾತ್ರ ಕಳಿಸಿ ಎಂದು ಗುಂಪಿನಲ್ಲಿ ಹಾಕಿದ್ದೇನೆ. ಎಕ್ಸೆಲ್ ಪಟ್ಟಿ ನಾನೇ ಮಾಡಿಕೊಳ್ಳುತ್ತೇನೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಮಾರಾಯ್ರೆ.