1985ರ ವಿಂಟೇಜ್ ಪೋರ್ಟ್ ಬಾಟಲಿಯನ್ನು ತೆರೆಯುವ ಬಗೆ

ಪ್ರಶ್ನೆ:
ಪೋರ್ಚುಗಲ್ ಪ್ರವಾಸದಲ್ಲಿ, ಪೋರ್ಟೊ ನಗರದ ಎದುರು ದಡದಲ್ಲಿರುವ ವಿಲಾ ನೋವಾ ದ ಗಾಯಾದಿಂದ ಕೊಂಡುತಂದ 1985ರ ವಿಂಟೇಜ್ ಪೋರ್ಟ್ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ, ಮದ್ಯಸಾರ ಬೆರೆತ ಸಿಹಿ ವೈನ್) ಬಾಟಲಿಯೊಂದು ನಮ್ಮ ಲಂಡನ್ ಮನೆಯ ಕಪಾಟಿನಲ್ಲಿ ಮಲಗಿದೆ. ನಮ್ಮ ಮದುವೆಯಾದದ್ದೂ ಅದೇ ವರ್ಷ. ಮುಂದಿನ ತಿಂಗಳು ಆರು ಮಂದಿಯ ಊಟಕ್ಕೆ ಅದನ್ನು ತೆರೆಯಬೇಕೆಂದಿದ್ದೇವೆ. ಊರಿನಲ್ಲಿದ್ದಾಗ ಗೋವಾದ ಸಿಹಿ ಪೋರ್ಟ್ ಕುಡಿದು ಗೊತ್ತೇ ಹೊರತು, ಇಷ್ಟು ಹಳೆಯದನ್ನು ಮುಟ್ಟಿದವನಲ್ಲ. ಹೇಗೆ ಬಡಿಸಬೇಕು, ಜೊತೆಗೆ ಏನಿರಬೇಕು, ಮಿಕ್ಕಿದ್ದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ. ಅತಿಥಿಗಳಲ್ಲಿ ಇಬ್ಬರು ಸಸ್ಯಾಹಾರಿಗಳು.

ಉತ್ತರ 1:
ಎಲ್ಲಕ್ಕಿಂತ ಮೊದಲು ಚರಟದ ಬಗ್ಗೆ ಯೋಚಿಸಿ. ವಿಂಟೇಜ್ ಪೋರ್ಟನ್ನು ಸುಮಾರು ಎರಡು ವರ್ಷ ಮಾತ್ರ ಮರದಲ್ಲಿಟ್ಟು, ಸೋಸದೆಯೇ ಬಾಟಲಿಗೆ ತುಂಬುವುದರಿಂದ, ಉಳಿದ ದಶಕಗಳನ್ನೆಲ್ಲ ಅದು ಗಾಜಿನೊಳಗೇ ಕಳೆದು, ಅಡಿಗೆ ದಪ್ಪ ಚರಟವನ್ನು ಕಟ್ಟಿಕೊಂಡಿರುತ್ತದೆ. ಊಟಕ್ಕೆ ಎರಡು ದಿನ ಮೊದಲೇ ಬಾಟಲಿಯನ್ನು ನಿಧಾನವಾಗಿ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಚರಟವೆಲ್ಲ ತಳಕ್ಕಿಳಿಯುತ್ತದೆ.

ಹಳೆಯ ಬಿರಡೆ ಮೆತ್ತಗಾಗಿ ಪುಡಿಯಾಗುವ ಸಂಭವವಿದೆ; ನನಗೊಮ್ಮೆ ಅರ್ಧ ಬಿರಡೆ ಒಳಗೇ ಬಿದ್ದಿತ್ತು. ಬಿರಡೆಯ ಎರಡೂ ಬದಿಗೆ ತೆಳು ತಗಡುಗಳನ್ನಿಳಿಸಿ ಎಳೆಯುವ ಸಾಧನ ಸಿಕ್ಕರೆ ಒಳ್ಳೆಯದು. ಅನಂತರ ಕತ್ತಿನ ಹಿಂದೆ ದೀಪವೊಂದನ್ನಿಟ್ಟು, ನಡುವೆ ಬಾಟಲಿಯನ್ನು ನೆಟ್ಟಗಾಗಿಸದೆ, ಒಂದೇ ಧಾರೆಯಲ್ಲಿ ಗಾಜಿನ ಹೂಜಿಗೆ ಸುರಿಯಿರಿ. ಕತ್ತಿನಲ್ಲಿ ಕಪ್ಪು ಎಳೆ ಕಂಡೊಡನೆ ನಿಲ್ಲಿಸಿಬಿಡಿ. ತಳದಲ್ಲಿ ಉಳಿದ ಸ್ವಲ್ಪದ ಮೇಲಿನ ಆಸೆ ಬೇಡ, ಅದು ಸೇರಿದರೆ ಇಡೀ ಹೂಜಿ ಕಹಿಯಾಗುತ್ತದೆ. ಬಿರಡೆಯ ಚೂರುಗಳಿದ್ದರೆ ತೊಳೆದೊಣಗಿಸಿದ ಮಸ್ಲಿನ್ ಬಟ್ಟೆಯಲ್ಲಿ ಸೋಸಬಹುದು. ಇದನ್ನು ಬಡಿಸುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದರೆ ಸಾಕು.

ಉತ್ತರ 2:
ಊಟದ ಸಿಹಿಯೊಂದಿಗೆ ಇದನ್ನು ಬಡಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಳಿಗೆಯಂಥ ಗಾಢ ಸಿಹಿಯ ಮುಂದೆ ನಲವತ್ತು ವರ್ಷದ ಸೂಕ್ಷ್ಮ ಪರಿಮಳ ಸೋತು, ವೈನು ತೆಳ್ಳಗೆ, ಹುಳಿಯಾಗಿ ತೋರುತ್ತದೆ. ಹಲವರು ಹೊಗಳುವ ಕಪ್ಪು ಚಾಕೊಲೇಟ್ ಎಳೆಯ ಪೋರ್ಟಿಗೆ ಒಪ್ಪುತ್ತದೆ, ಇದಕ್ಕಲ್ಲ. ನೀವು ಇಂಗ್ಲೆಂಡಿನಲ್ಲೇ ಇರುವುದರಿಂದ ಒಳ್ಳೆಯ ಸ್ಟಿಲ್ಟನ್ ಚೀಸ್ ಸುಲಭವಾಗಿ ಸಿಗುತ್ತದೆ. ಅದರ ಉಪ್ಪು ಈ ಸಿಹಿಯನ್ನು ಎಷ್ಟು ಚೆನ್ನಾಗಿ ಎತ್ತಿಹಿಡಿಯುತ್ತದೆಂದರೆ, ಆಕ್ರೋಟು ಮತ್ತು ಒಂದು ಮಾಗಿದ ಪೇರ್ ಹಣ್ಣಿನ ಹೊರತು ಮೇಜಿನ ಮೇಲೆ ಬೇರೇನೂ ಬೇಕಾಗದು. ಚೀಸನ್ನು ಗಟ್ಟಿಗೊಳಿಸಲು ಬಳಸುವ ರೆನೆಟ್ ಪ್ರಾಣಿಮೂಲದ್ದೋ ಅಲ್ಲವೋ ಎಂಬುದನ್ನು ನಿಮ್ಮ ಸಸ್ಯಾಹಾರಿ ಗೆಳೆಯರಿಗಾಗಿ ಲೇಬಲ್ ಓದಿ ಖಚಿತಪಡಿಸಿಕೊಳ್ಳಿ.

ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಲೋಟದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಪರಿಮಳಕ್ಕೆ ಜಾಗ ಬೇಕು. ಹೂಜಿಯನ್ನು ಎಡಗಡೆಯವರಿಗೆ ದಾಟಿಸುತ್ತ ಹೋಗುವುದು ಇಂಗ್ಲಿಷರ ಹಳೆಯ ಪದ್ಧತಿ.

ಉತ್ತರ 3:
ಮಿಕ್ಕಿದ್ದರ ವಿಷಯ ಮಾತ್ರ ಸೇರಿಸುತ್ತೇನೆ. ಹುದುಗುತ್ತಿರುವ ರಸಕ್ಕೆ ದ್ರಾಕ್ಷಿಯ ಮದ್ಯಸಾರ ಬೆರೆಸಿ ಹುದುಗನ್ನು ನಡುವೆಯೇ ನಿಲ್ಲಿಸುವುದರಿಂದ ಪೋರ್ಟಿನಲ್ಲಿ ಸಿಹಿಯೂ ಉಳಿಯುತ್ತದೆ, ಆಲ್ಕೋಹಾಲ್ ಶೇಕಡಾ 20ರ ಆಸುಪಾಸಿಗೂ ಏರುತ್ತದೆ. ಹಾಗಾಗಿ ಯಾವ ಪೋರ್ಟಾದರೂ ತಿಂಗಳುಗಟ್ಟಲೆ ಕೆಡದೆಂದು ಜನ ನಂಬಿದ್ದಾರೆ. ಮರದ ಪೀಪಾಯಿಯಲ್ಲಿ ಗಾಳಿಯ ಒಡನಾಟದಲ್ಲೇ ಮಾಗಿದ ಟಾನಿ ಪೋರ್ಟ್ ತೆರೆದ ಮೇಲೂ ಕೆಲವು ವಾರ ಚೆನ್ನಾಗಿರುತ್ತದೆ, ನಿಜ. ಆದರೆ ಗಾಳಿಯ ಸೋಂಕೇ ಇಲ್ಲದೆ ಮುದಿಯಾದ ನಿಮ್ಮ ವಿಂಟೇಜಿನ ಸೊಗಸು ಒಂದೆರಡು ದಿನಗಳಲ್ಲಿ ಮಂಕಾಗುತ್ತದೆ. ಆರು ಮಂದಿಗೆ 750 ಮಿಲಿಲೀಟರ್ ಹೆಚ್ಚೇನಲ್ಲ. ಆ ರಾತ್ರಿಯೇ ಮುಗಿಸಿ.