ಪ್ಯಾಕಿಂಗ್ ಬದಲಿಸಿದ ಮೇಲೂ ಗೇರ್‌ಬಾಕ್ಸ್ ಎಣ್ಣೆ ಹನಿಯುತ್ತಿದೆ, ಎಲ್ಲಿಂದ ಇರಬಹುದು?

ಪ್ರಶ್ನೆ: ಸರ್, ನನ್ನದು ಹಳೇ ಆಟೋಮ್ಯಾಟಿಕ್ ಕಾರು. ರಾತ್ರಿ ನಿಲ್ಲಿಸಿದ ಕಡೆ ಬೆಳಿಗ್ಗೆ ನೋಡಿದರೆ ಮೂರ್ನಾಲ್ಕು ಹನಿ ಕೆಂಪು ಎಣ್ಣೆ. ಗೇರ್‌ಬಾಕ್ಸ್ ಚೇಂಬರಿನ (ತಳದಲ್ಲಿರುವ ಎಣ್ಣೆ ತಟ್ಟೆಯ) ಪ್ಯಾಕಿಂಗ್ ಹೋಗಿದೆ ಅಂದರು, ಬದಲಿಸಿದ್ದಾಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಈಗ ಇನ್ನೊಬ್ಬರು ವೈರಿಂಗ್ ಪ್ಲಗ್ ನೋಡಿ ಅಂತಿದ್ದಾರೆ. ವೈರ್ ಹೋಗುವ ಜಾಗದಿಂದ ಎಣ್ಣೆ ಬರುತ್ತದಾ?

ಉತ್ತರ: ಬರುತ್ತದೆ ಸರ್, ಹಳೇ ಗಾಡಿಗಳಲ್ಲಿ ಜಾಸ್ತಿನೇ. ಗೇರ್ ಬದಲಿಸುವ ಸೊಲೆನಾಯ್ಡ್‌ಗಳು, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್‌ಗಳು, ಗೇರ್‌ಬಾಕ್ಸ್ ಒಳಗೆ ಎಣ್ಣೆಯಲ್ಲೇ ಇರುತ್ತವೆ. ಅವಕ್ಕೆ ಹೊರಗಿನಿಂದ ಕರೆಂಟ್ ಹೋಗಬೇಕಲ್ಲ, ಅದಕ್ಕೆ ಕೇಸಿನಲ್ಲಿ ಒಂದು ತೂತು. ಆ ತೂತಿನಲ್ಲಿ ಪ್ಲಾಸ್ಟಿಕ್ ಅಡಾಪ್ಟರ್ ಕೂತಿರುತ್ತದೆ, ಅದಕ್ಕೆ ರಬ್ಬರ್ ಓ ರಿಂಗ್. ವರ್ಷಗಟ್ಟಲೆ ಬಿಸಿ ತಿಂದು ರಿಂಗ್ ಗಟ್ಟಿಯಾಗುತ್ತದೆ, ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ಆಮೇಲೆ ಎಣ್ಣೆ ಒಸರಲು ಶುರು.

ಪ್ಲಗ್ ಇರುವುದು ಸಾಮಾನ್ಯವಾಗಿ ಚೇಂಬರಿಗಿಂತ ಮೇಲೆ. ಅಲ್ಲಿ ಒಸರಿದ್ದು ಕೇಸಿನ ಗುಂಟ ಇಳಿದು ಚೇಂಬರಿನ ಅಂಚಿನಿಂದ ಹನಿಯುತ್ತದೆ. ನೋಡಿದವರಿಗೆ ಪ್ಯಾಕಿಂಗೇ ಹೋದ ಹಾಗೆ ಕಾಣುತ್ತದೆ. ಓಡುವಾಗ ಗಾಳಿ ಬೇರೆ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹನಿ ಬಿದ್ದ ಜಾಗ ನೋಡಬೇಡಿ, ಒದ್ದೆ ಇರುವ ಎಲ್ಲಕ್ಕಿಂತ ಮೇಲಿನ ಜಾಗ ಹುಡುಕಿ.

ಗಾಡಿ ತಣ್ಣಗಿರುವಾಗ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಪ್ಲಗ್ ಸುತ್ತ, ಕೂಲರ್ ಪೈಪಿನ ಜಾಯಿಂಟು, ಚೇಂಬರಿನ ಅಂಚು ಎಲ್ಲಕ್ಕೂ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಒಣಗಿದ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಹಾಕಿ. ಎಣ್ಣೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಕೆಂಪು ಗೆರೆ ಎಲ್ಲಿಂದ ಹೊರಟಿದೆ ಅಂತ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಹಾಗೇ ಮಾಡಿದೆ ಸರ್. ಚೇಂಬರಿನ ಅಂಚು ಒಣಗಿದೆ, ಗೆರೆ ಹೊರಟಿರುವುದು ಪ್ಲಗ್ ಕೆಳಗಿನಿಂದ. ಸುಮ್ನೆ ಸುತ್ತ ಸಿಲಿಕಾನ್ ಹಚ್ಚಿದರೆ ಆಗಲ್ವಾ?

ಉತ್ತರ: ದಯವಿಟ್ಟು ಬೇಡ. ಎಣ್ಣೆ ಜಿಡ್ಡಿನ ಮೇಲೆ ಸಿಲಿಕಾನ್ ಹಿಡಿಯಲ್ಲ. ಹೊರಗಡೆ ಮುಚ್ಚಿದರೂ ಒಳಗಿನ ದಾರಿ ಹಾಗೇ ಇರುತ್ತದೆ. ನನಗೆ ಹೆದರಿಕೆ ಇರುವುದು ಆ ಒಳಗಿನ ದಾರಿಯದ್ದೇ.

ಬ್ಯಾಟರಿಯ ನೆಗೆಟಿವ್ ತೆಗೆದು, ಪ್ಲಗ್ಗಿನ ಲಾಕ್ ಬಿಡಿಸಿ, ನೇರವಾಗಿ ಎಳೆಯಿರಿ. ಪಿನ್‌ಗಳು ಒಣಗಿದ್ದು ಹೊರಮೈ ಮಾತ್ರ ಒದ್ದೆ ಇದ್ದರೆ ಹೊರಗಿನ ರಿಂಗ್ ಹೋಗಿದೆ ಅಷ್ಟೇ. ಪಿನ್‌ಗಳೇ ಎಣ್ಣೆಯಲ್ಲಿದ್ದರೆ ಕೆಲಸ ಅಲ್ಲಿಗೆ ಮುಗಿಯಲ್ಲ. ದೀಪದ ಬತ್ತಿ ಎಣ್ಣೆ ಹೀರುತ್ತದಲ್ಲ, ವೈರಿನ ಒಳಗಿನ ಸಣ್ಣ ತಂತಿಗಳೂ ಹಾಗೇ ಹೀರುತ್ತವೆ. 1996ರಿಂದ ಬಂದ ಮರ್ಸಿಡಿಸ್ 722.6 ಗೇರ್‌ಬಾಕ್ಸಿನ 13 ಪಿನ್ ಪ್ಲಗ್ ಇದಕ್ಕೆ ಹೆಸರಾದದ್ದು. ಎಣ್ಣೆ ವೈರಿನೊಳಗೇ ಹತ್ತಿ ಗೇರ್ ಕಂಪ್ಯೂಟರಿನವರೆಗೂ ಹೋಗುತ್ತದೆ. ನನ್ನ ಹತ್ತಿರ ಬಂದ ಒಂದು ಗಾಡಿ ಎರಡನೇ ಗೇರಿನಲ್ಲೇ ಸಿಕ್ಕಿಕೊಂಡಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಕಂಪ್ಯೂಟರಿನ ಪ್ಲಗ್ ಬಿಚ್ಚಿ ಟಿಶ್ಯೂ ಒತ್ತಿದೆ, ಪಿನ್‌ಗಳ ಜಾಗದಲ್ಲೆಲ್ಲ ಕೆಂಪು ಚುಕ್ಕೆ ಮೂಡಿತು. ಹಾಗಾಗಿ ವೈರಿನ ಆ ತುದಿಯನ್ನೂ ಬಿಚ್ಚಿ ನೋಡಿ. ಜಿಡ್ಡಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದು ಒಣಗಿಸಿ. ಕೆಲವು ವಾರ ಬಿಟ್ಟು ಮತ್ತೆ ನೋಡಿ, ವೈರಿನೊಳಗೆ ಉಳಿದದ್ದು ನಿಧಾನವಾಗಿ ಬರುತ್ತಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಕಾರಿನದು ಝಡ್‌ಎಫ್ ಕಂಪನಿಯ 6ಎಚ್‌ಪಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇದಕ್ಕೂ ಹೀಗೇನಾ?

ಉತ್ತರ: ಅದರಲ್ಲಿ ಕಂಪ್ಯೂಟರ್ ಗೇರ್‌ಬಾಕ್ಸ್ ಒಳಗೇ ಇದೆ, ಆ ಚಿಂತೆ ಬೇಡ. ಆದರೆ ಪ್ಲಗ್ಗಿನ ಸ್ಲೀವ್ (ಅದರ ಅಡಾಪ್ಟರ್) ಅದರಲ್ಲೂ ಒಸರುತ್ತದೆ. ಬದಲಿಸಲು ಚೇಂಬರ್ ಇಳಿಸಿ ಒಳಗಿನ ಲಾಕ್ ಸರಿಸಬೇಕು.

722.6, 6ಎಚ್‌ಪಿ ಎರಡರಲ್ಲೂ ಅಡಾಪ್ಟರ್ ಪೂರ್ತಿ ಹೊಸದೇ ಹಾಕಿ, ರಿಂಗಿಗೆ ಗೇರ್ ಎಣ್ಣೆ ಸವರಿ ಕೂರಿಸಿ. ಒಣ ರಿಂಗ್ ಒತ್ತಿದರೆ ಹೊಸದೂ ಹರಿಯುತ್ತದೆ. ಆಮೇಲೆ ಎಣ್ಣೆ ಮಟ್ಟ ನೋಡಬೇಕು, ಎಂಜಿನ್ ಚಾಲೂ ಇರುವಾಗಲೇ. 6ಎಚ್‌ಪಿಯಲ್ಲಿ ಎಣ್ಣೆ 30ರಿಂದ 50 ಡಿಗ್ರಿ ಇರುವಾಗ, 722.6ರಲ್ಲಿ 80 ಡಿಗ್ರಿಗೆ. ಬಿಸಿ ಎಷ್ಟು ಅಂತ ಸ್ಕ್ಯಾನರ್‌ನಲ್ಲಿ ನೋಡಿ, ಕೈ ಇಟ್ಟು ಅಂದಾಜು ಮಾಡಬೇಡಿ.